ಹಾರ್ಬೋರ್ನ್‌ನಲ್ಲೊಂದು ಕಡಲ ತೋಟ

ಬರ್ಮಿಂಗ್‌ಹ್ಯಾಮಿನ ನಮ್ಮ ಹಾರ್ಬೋರ್ನ್‌ನಿಂದ ಯಾವ ದಿಕ್ಕಿಗೆ ಹೋದರೂ ಸಮುದ್ರ ಕಾಣಲು ಗಂಟೆಗಟ್ಟಲೆ ಕಾರು ಓಡಿಸಬೇಕು. ಆದರೂ ಕುಂದಾಪುರದವರಾದ ನನ್ನ ಗಂಡ ನರ್ಸರಿಯಲ್ಲಿ ನಿಂತು, ಉಪ್ಪುಗಾಳಿ ತಡೆದುಕೊಂಡು ವರ್ಷವರ್ಷವೂ ಚಿಗುರುವ ಹೂಗಿಡಗಳೇ ಬೇಕೆಂದು ಹಠ ಹಿಡಿದರು. ಅಂಗಡಿಯಾಕೆ ನಮ್ಮ ಪೋಸ್ಟ್‌ಕೋಡ್ ಕೇಳಿ, ನನ್ನ ಮುಖ ನೋಡಿದಳು.

“ಇಲ್ಲಿ ಉಪ್ಪುಗಾಳಿ ಎಲ್ಲಿದೆ ರೀ?” ಎಂದೆ.

“ನಾವು ಕರಾವಳಿಯವ್ರು ಕಣೇ. ನಾವಿದ್ದಲ್ಲೇ ಕರಾವಳಿ.”

ಮುಳ್ಳೆಲೆಯ ಸೀ ಹಾಲಿ, ಗುಲಾಬಿ ಬಣ್ಣದ ಗುಂಡು ಹೂವಿನ ಸೀ ಥ್ರಿಫ್ಟ್ ಮನೆಗೆ ಬಂದವು, ತಿಂಗಳೊಳಗೆ ಮಂಕಾದವು. ಇಲ್ಲಿಯ ಮಳೆಗೆ ಬುಡ ಕೊಳೆಯುತ್ತಿದೆ ಎಂದು ನಾನು ಬಡಕೊಂಡೆ. ಉಪ್ಪು ಸಾಲದೆ ಸೊರಗಿವೆ ಎಂದು ತೀರ್ಮಾನಿಸಿದ ಇವರು, ಊರಲ್ಲಿ ಬಸಳೆ ಬುಡಕ್ಕೆ ಹಾಕುವಂತೆ ಬಂಗುಡೆ ಮೀನು ತೊಳೆದ ನೀರನ್ನು, ಮೇಲೊಂದು ಹಿಡಿ ಉಪ್ಪು ಬೆರೆಸಿ, ದಿನಾ ಸುರಿಯತೊಡಗಿದರು.

ಒಂದು ಭಾನುವಾರ ಎಲ್ಲಿಂದಲೋ ಕಡಲಹಕ್ಕಿಗಳ ಹಿಂಡೇ ಬಂದಿಳಿಯಿತು. ಗಿಡಗಳನ್ನೆಲ್ಲ ಬುಡಸಮೇತ ಕಿತ್ತೆಸೆದು, ಒಣಹಾಕಿದ ಬಟ್ಟೆಯ ಮೇಲೆ ಹಿಕ್ಕೆ ಹಾಕಿ, ಬೇಲಿಯ ಮೇಲೆ ಸಾಲಾಗಿ ಕೂತಿತು.

“ನೋಡು, ಈಗ್ಲಾದ್ರೂ ಕರಾವಳಿ ಅಂತ ಒಪ್ಕೊಳ್ತೀಯಾ?” ಎಂದರು ಇವರು.

ಉಪ್ಪು, ಗಾಳಿ, ಹಿಕ್ಕೆ ಎಲ್ಲವನ್ನೂ ತಡೆದುಕೊಂಡು ಆ ತೋಟದಲ್ಲಿ ಬೇರು ಬಿಟ್ಟು ನಿಂತಿದ್ದವಳು ದಾವಣಗೆರೆಯ ನಾನೊಬ್ಬಳೇ.