ಭಾಗ್ಯಳ ಸೊಂಟವೂ ಅಂತರಸಂತೆಯ ದಾರಿಯೂ

ಭಾನುವಾರ ಬೆಳಿಗ್ಗೆ ಆರೂವರೆಗೆ ಕೆ.ಆರ್. ನಗರದ ಮನೆ ಬಿಟ್ಟಾಗ ಬೈಕಿನ ಮೇಲೆ ನಾನು, ನನ್ನ ಹೆಂಡತಿ ಭಾಗ್ಯ, ಜೊತೆಗೆ ಅವಳ ಷರತ್ತು ಇತ್ತು. "ಸಂಜೆ ವಾಪಸ್ ಬರೋ ಹೊತ್ಗೆ ನನ್ ಸೊಂಟ ಹಿಡ್ಕೊಂಡ್ರೆ ಈ ಬೈಕ್ ಮಾರ್ಬುಡ್ಬೇಕು ಕಣ್ರೀ" ಎಂದಿದ್ದಳು. ಟಾರು ರಸ್ತೆಗೂ ಮಣ್ಣುದಾರಿಗೂ ಆಗುವ ಈ ಎತ್ತರದ ಬೈಕು ಕೊಂಡು ಮೂರು ತಿಂಗಳಾಗಿರಲಿಲ್ಲ. ಅದಕ್ಕೇ ಹಿಂದಿನ ದಿನ ಹಿಂಬದಿಯ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗನ್ನು ಪೂರ್ತಿ ಸಡಿಲ ಮಾಡಿಟ್ಟಿದ್ದೆ. ಮೆತ್ತಗಿದ್ದಷ್ಟೂ ಸುಖ ಎಂಬುದು ನನ್ನ ಸಿದ್ಧಾಂತ. ಹಾಸಿಗೆಯಿಂದ ಕಲಿತದ್ದು.

ಹುಣಸೂರಿನವರೆಗೆ ಸಿದ್ಧಾಂತ ತಡೆಯಿತು. ಅಲ್ಲಿ ಇಡ್ಲಿ ತಿಂದು ಎಚ್.ಡಿ. ಕೋಟೆಯ ದಾರಿ ಹಿಡಿದೆವು. ಮಳೆ ನಿಂತು ಹೊಳವಾಗಿತ್ತು. ಎರಡೂ ಕಡೆ ಹೊಗೆಸೊಪ್ಪು, ಶುಂಠಿ, ನಡುನಡುವೆ ಬಾಳೆ. "ನೋಡೋಕೆ ಎರಡು ಕಣ್ಣು ಸಾಲದು" ಎಂದು ನಾನು ಹೇಳುತ್ತಿದ್ದಂತೆಯೇ ಹಂಪು ಬಂತು. ಶಾಕ್ ಅಬ್ಸಾರ್ಬರು ದಡ್ ಎಂದು ತಳಕ್ಕೆ ಬಡಿಯಿತು. ಆಮೇಲೆ ಊರೂರಿಗೆ ಹಂಪು, ಹಂಪಿಗೊಂದು ದಡ್, ಅದರ ಹಿಂದೆಯೇ ಭಾಗ್ಯಳ "ಅಯ್ಯೋ!" ಎಚ್.ಡಿ. ಕೋಟೆ ದಾಟುವಾಗ ಅಯ್ಯೋ ನಿಂತುಹೋಯಿತು. ಅದು ನನಗೆ ಇನ್ನೂ ಭಯ ಹುಟ್ಟಿಸಿತು.

ಅಂತರಸಂತೆಯ ಟೀ ಅಂಗಡಿ ಮುಂದೆ ಅವಳು ಸೊಂಟಕ್ಕೆ ಕೈಯಿಟ್ಟು ಇಳಿದಳು. ಬೈಕಿನ ಎರಡೂ ಪಕ್ಕ ಖಾಲಿ ಹಾಲಿನ ಕ್ಯಾನು ನೇತುಹಾಕಿಕೊಂಡಿದ್ದ ಹಾಲು ಸಾಗಿಸುವ ಮಾದಣ್ಣ ಎಂಬುವರು ಟೀ ಬಿಟ್ಟು ಎದ್ದು ಬಂದರು.

"ಏನ್ ಸಾ, ಸ್ಪ್ರಿಂಗ್ ಇಂಗ್ ಸಡ್ಲ ಬುಟ್ಟಿದೀರಿ? ಇಬ್ರೂ ಕೂತೇಟ್ಗೆ ಪೂರಾ ಕುಗ್ಗೋಯ್ತದೆ. ಆಮ್ಯಾಕೆ ಏಟು ಸೀದಾ ಸೊಂಟುಕ್ಕೇಯ. ನಾನು ಕ್ಯಾನ್ ತುಂಬಿದ್ರೆ ಬಿಗಿ ಮಾಡ್ತೀನಿ, ಖಾಲಿಯಾದ್ರೆ ಸಡ್ಲ ಮಾಡ್ತೀನಿ. ದಿನಾ ಇದೇಯ."

ತಮ್ಮ ಬೈಕಿನ ಸೀಟಿನ ಅಡಿಯಿಂದ ಕೊಕ್ಕೆಯಂಥ ಸ್ಪ್ಯಾನರ್ ತೆಗೆದು, ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ಅಳೆದರು.

"ಅಕ್ಕಾರು ಒಂದು ಕ್ಯಾನು. ನೀವು ಎಲ್ಡು ಕ್ಯಾನು, ಮ್ಯಾಲೆ ಕೊಸರು."

ಕ್ಯಾನಿಗೆ ನಲವತ್ತು ಲೀಟರ್. ಹುಣಸೂರು ಬಿಟ್ಟ ಮೇಲೆ ಮೊದಲ ಸಲ ಭಾಗ್ಯ ನಕ್ಕಳು. ಆ ಗಳಿಗೆಯಿಂದ ಮಾದಣ್ಣ ಅವಳಿಗೆ ತವರಿನ ಅಣ್ಣನಾದರು, ನಾನು ಕೊಸರಾದೆ.

ಅವರು ಸ್ಪ್ರಿಂಗನ್ನು ನಾಲ್ಕು ಹಲ್ಲು ಬಿಗಿ ಮಾಡಿದರು. ಮುಂದಿನ ಚಕ್ರದ ಫೋರ್ಕಿಗೆ ಮೆತ್ತಿದ್ದ ಕೆಸರನ್ನು ತಮ್ಮ ಟವೆಲ್ಲಿನಲ್ಲೇ ಒರೆಸಿ, "ಮಣ್ಣು ಕೂತ್ರೆ ಸೀಲು ತಿಂದಾಕ್ತದೆ, ಎಣ್ಣೆ ಸೋರ್ತದೆ. ಮನೆಗೋಗಿ ದಿನಾ ಒರ್ಸಿ ಸಾ" ಎಂದರು. ನಾನು ಟೀ ಕೊಡಿಸುತ್ತೇನೆಂದರೆ, "ನಂದೇ ಅಲ್ಲಿ ಆರ್ತಾ ಅದೆ" ಎಂದು ತಮ್ಮ ಲೋಟದತ್ತ ಹೊರಟರು.

ಕಬಿನಿಯ ಹಿನ್ನೀರಿನವರೆಗೂ ಹೋದೆವು. ನೀರು ಆಕಾಶದಷ್ಟೇ ಅಗಲವಾಗಿತ್ತು, ಆಚೆ ದಡದಲ್ಲಿ ಕಾಡು. ಭಾಗ್ಯ ಬಂಡೆಯ ಮೇಲೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದಳು. ನನಗೆ ಚಿತ್ರಾನ್ನವೂ ರುಚಿಸಲಿಲ್ಲ, ನೀರೂ ಕಾಣಲಿಲ್ಲ. ತಲೆಯಲ್ಲಿ ಬರೀ ವಾಪಸ್ ದಾರಿಯ ಹಂಪುಗಳೇ ಇದ್ದವು.

ಅವೇ ಹಂಪುಗಳು ಬಂದವು, ಹೋದವು. ದಡ್ ಇಲ್ಲ, ಅಯ್ಯೋ ಇಲ್ಲ. ಹುಣಸೂರಿನ ಹತ್ತಿರ ಹಿಂದಿನಿಂದ ಸಣ್ಣದಾಗಿ ಹಾಡು ಗುನುಗುವುದು ಕೇಳಿಸಿತು. ಆಗ ನನಗೆ ಉಸಿರು ಬಂತು.

ಮನೆ ಮುಂದೆ ಇಳಿದು ಭಾಗ್ಯ ಎರಡು ಸಲ ಬಗ್ಗಿ ಎದ್ದಳು. ಸೊಂಟ ಮುಟ್ಟಿ ನೋಡಿಕೊಂಡಳು.

"ಬೈಕ್ ಇರ್ಲಿ ಬುಡಿ. ಆ ಕೊಸರು ಮಾತ್ರ ಇಳೀಬೇಕು."

ಆವತ್ತಿನ ಊಟಕ್ಕೆ ನನ್ನ ತಟ್ಟೆಗೆ ಒಂದೇ ಮುದ್ದೆ ಬಿತ್ತು.