ಮೂರೂ ದೇಶ ಒಟ್ಟಿಗೇ

ಸ್ವೀಡನ್ನಿನ ಉಪ್ಸಾಲಾಕ್ಕೆ ಬಂದ ಹೊಸತರಲ್ಲಿ ಸುಲೋಚನಾಳನ್ನು ತಾವಾಗಿಯೇ ಮಾತಾಡಿಸಿದವರೆಂದರೆ ಪಕ್ಕದ ಮನೆಯ ಹೆಲ್ಮಿ ಅಜ್ಜಿ ಒಬ್ಬರೇ. ಎಸ್ಟೋನಿಯಾದವರು. ಸುಲೋಚನಾ ಕರಿದ ಕೋಡುಬಳೆ ಎಂದರೆ ಅವರಿಗೆ ಪ್ರಾಣ. ತಾಲಿನ್‌ಗೆ ಮರಳಿದ ಮೇಲೂ ಪ್ರತಿ ಬೇಸಿಗೆಯಲ್ಲಿ ಫೋನ್ ಮಾಡಿ ಕರೆಯುತ್ತಿದ್ದರು. ಸಂಜೆ ಹಡಗು ಹತ್ತಿದರೆ ಬೆಳಿಗ್ಗೆ ಅವರೂರು. ಗಂಡ ಪ್ರಭಾಕರನದು ಮಾತ್ರ ಒಂದೇ ರಾಗ: "ಈಗ ಹೋದ್ರೆ ಬೇರೆ ವೀಸಾ ಮಾಡಿಸ್ಬೇಕು ಕಣೇ. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಷೆಂಗೆನ್ ಸೇರ್ಲಿ, ಆಮೇಲೆ ಇಲ್ಲಿನ ವೀಸಾನೇ ಸಾಕು, ಮೂರೂ ಒಟ್ಟಿಗೇ ನೋಡ್ಬಿಡೋಣ."

೨೦೦೭ರ ಡಿಸೆಂಬರಿನಲ್ಲಿ ಮೂರೂ ಸೇರಿದವು. ಮರುತಿಂಗಳೇ ಕೋಡುಬಳೆ ಡಬ್ಬಿ ಹಿಡಿದು, ಅಜ್ಜಿಗೆ ಹೇಳದೆಯೇ ಹೊರಟರು. ವೀಸಾ ಯಾರೂ ಕೇಳಲಿಲ್ಲ. ಬಾಗಿಲು ತೆರೆದ ಅಜ್ಜಿಯ ಮಗಳು, ಅಮ್ಮ ಹೋದ ವಾರವಷ್ಟೇ ತೀರಿಕೊಂಡರು ಎಂದಳು.

ಸುಲೋಚನಾ ಡಬ್ಬಿಯನ್ನು ಅವಳ ಕೈಗಿತ್ತು ಬೀದಿಗಿಳಿದಳು.

"ಹೇಗೂ ಬಂದಿದ್ದಾಯ್ತು," ಎಂದು ಪ್ರಭಾಕರ ತಡವರಿಸಿದ, "ಉಳಿದೆರಡನ್ನೂ..."

"ನಾನು ದೇಶ ನೋಡೋಕೆ ಬಂದಿದ್ನೇನ್ರೀ?"