ಮಜ್ಜಿಗೆ ಹುಯ್ಯುವ ಮನೆ

ಕೊಡಿಗೇಹಳ್ಳಿಯ ಮುನಿನಾರಾಯಣಮ್ಮ ಸಿಡುಕಿನ ಹೆಂಗಸು ಎಂದು ಬೀದಿಯೆಲ್ಲ ಹೇಳುತ್ತದೆ. ಮೊದಲು ಹಾಗಿರಲಿಲ್ಲ. ನಶೆಗಾಗಿ ನೋವಿನ ಮಾತ್ರೆ ಅತಿಯಾಗಿ ತೆಗೆದುಕೊಂಡು ಮಗ ಮಹೇಂದ್ರ ಬಿದ್ದಾಗ, ಕುಡಿದಿದ್ದಾನೆಂದುಕೊಂಡ ಮನೆಯವರು ನೆತ್ತಿಗೆ ನಿಂಬೆಹಣ್ಣು ತಿಕ್ಕಿ, ಬಾಯಿಗೆ ಮಜ್ಜಿಗೆ ಹುಯ್ದರು. ಕುಡಿದು ಬಿದ್ದ ಗಂಡಸರಿಗೆ ಆ ಮನೆಯಲ್ಲಿ ತಲೆಮಾರಿನಿಂದ ಅದೇ ಮದ್ದು. ಮಹೇಂದ್ರ ಸತ್ತ. ಹೃದಯಾಘಾತ ಎಂದು ಊರಿಗೆ ಹೇಳಿದರು.

ನಶೆಯಲ್ಲಿ ಬಿದ್ದವರನ್ನು ಉಳಿಸುವ ಬಗ್ಗೆ ಸಂಜಯನಗರದಲ್ಲಿ ನಡೆದ ಒಂದು ತರಬೇತಿಯಲ್ಲಿ ಕೂತಾಗಲೇ ಆಕೆಗೆ ತಿಳಿದದ್ದು: ಅಂಥ ಮಾತ್ರೆಯಿಂದ ಹೋಗುತ್ತಿರುವ ಉಸಿರನ್ನು ಮರಳಿಸುವ ಇಂಜೆಕ್ಷನ್ ಇದೆ, ಅದು ಕೆಲಸ ಮಾಡುವವರೆಗೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬಹುದು. ಅಂದು ಹತ್ತಿದ ಸಿಟ್ಟು ಆರಿಲ್ಲ. ಮನೆಯಂಗಳದಲ್ಲೇ ಹೆಂಗಸರನ್ನು ಕೂರಿಸಿ ಅದನ್ನೇ ಕಲಿಸತೊಡಗಿದಳು. ಪಕ್ಕದ ಮನೆಯ ಓರಗಿತ್ತಿ ಶಶಿರೇಖಾ ಮಾತ್ರ ಬರಲಿಲ್ಲ. "ನಮ್ಮನೇಲಿ ಅಂಥೋರು ಯಾರವ್ರೆ, ಅಕ್ಕ?" ಎಂದಿದ್ದಳು.

ಮೊನ್ನೆ ಮಧ್ಯಾಹ್ನ ಕೂಗು ಬಂದದ್ದು ಅವಳ ಮನೆಯಿಂದಲೇ. ಮಹಡಿಯ ಕೋಣೆಯಲ್ಲಿ ಅವಳ ಮಗ ನಿರಂಜನ್ ಬಿದ್ದಿದ್ದ, ಪಕ್ಕದಲ್ಲಿ ನೋವಿನ ಮಾತ್ರೆಯ ಖಾಲಿ ಪಟ್ಟಿ. ತುಟಿ ನೇರಳೆಹಣ್ಣು ತಿಂದಂತೆ ಕಪ್ಪಿಟ್ಟಿತ್ತು. ಶಶಿರೇಖಾಳ ಕೈಯಲ್ಲಿ ಮಜ್ಜಿಗೆಯ ಚೊಂಬು. ಮುನಿನಾರಾಯಣಮ್ಮ ಅದನ್ನು ಹೊಡೆದು ಬೀಳಿಸಿದಳು.

"ಇನ್ನೂ ಎಷ್ಟು ಮಕ್ಕಳನ್ನ ಮಜ್ಜಿಗೇಲಿ ಮುಳುಗಿಸ್ತೀರೇ? 108ಕ್ಕೆ ಫೋನ್ ಮಾಡು!"

ಅವನ ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಒತ್ತಿ ಹಿಡಿದು ಉಸಿರೂದಿದಳು. ಸದಾ ಸೊಂಟದ ಚೀಲದಲ್ಲಿ ಇಟ್ಟುಕೊಂಡಿರುತ್ತಿದ್ದ ಇಂಜೆಕ್ಷನ್ ತೆಗೆದು ತೊಡೆಗೆ ಚುಚ್ಚಿದಳು. ಮತ್ತೆ ಊದಿದಳು. ಕೊನೆಗೆ ಎದೆ ತಾನಾಗಿ ಏರಿತು. ಅವನು ನರಳಿ ಕಣ್ಣು ಬಿಟ್ಟ.

ಕೆಳಗೆ ಆಂಬುಲೆನ್ಸ್ ಬಂತು. ಬಾಡಿಗೆಯವರೆಲ್ಲ ಗೇಟಿನ ಬಳಿ ಸೇರಿದರು. ಮೇಲೆ ನಿರಂಜನನ ಅಪ್ಪ ಆನಂದಪ್ಪ ಕೋಣೆಯ ಬಾಗಿಲಿಗೆ ಅಡ್ಡ ನಿಂತ.

"ಎದ್ನಲ್ಲ ಅತ್ತಿಗೆ, ಗಾಡಿ ವಾಪಸ್ ಕಳ್ಸಿ. ಇವನಿಗೆ ಹೆಣ್ಣು ನೋಡ್ತಾ ಇದೀವಿ."

"ಇಂಜೆಕ್ಷನ್ ಇಳಿದ್ಮೇಲೆ ಆ ಮಾತ್ರೆ ಮತ್ತೆ ಉಸಿರು ಕಟ್ಸುತ್ತೆ ಕಣಯ್ಯ! ನನ್ ಮಗನ್ನ ಹಾರ್ಟ್ ಅಟ್ಯಾಕ್ ಅಂತ ಹೂತ್ರಿ. ಇವನ್ನ ಏನಂತ ಹೂಳ್ತೀಯ, ಬಿಪಿ ಅಂತಾನಾ?"

ಆನಂದಪ್ಪ ಕದಲಲಿಲ್ಲ. ಅವನನ್ನು ಗೋಡೆಗೆ ತಳ್ಳಿದವಳು ಶಶಿರೇಖಾ. ಮಗನ ಸ್ಟ್ರೆಚರ್ ಹಿಂದೆಯೇ ಮೆಟ್ಟಿಲಿಳಿದಳು.

"ಏನಾಯ್ತು ಆಂಟಿ?" ಬಾಡಿಗೆ ಮನೆಯ ಹುಡುಗಿ ಕೇಳಿದಳು.

"ಮಾತ್ರೆ ಜಾಸ್ತಿ ತಗೊಂಡಿದಾನೆ. ದಾರಿ ಬಿಡ್ರಿ," ಎಂದಳು ಶಶಿರೇಖಾ, ಇಡೀ ಬೀದಿಗೆ ಕೇಳುವಂತೆ.

ಆಂಬುಲೆನ್ಸಿನೊಳಗೆ ಕೂತೊಡನೆ ಸೆರಗು ಕಣ್ಣಿಗೆ ಒತ್ತಿಕೊಂಡಳು. ಜೊತೆಗೆ ಹತ್ತಿದ್ದ ಮುನಿನಾರಾಯಣಮ್ಮ ಆ ಕೈಯನ್ನು ಎಳೆದು ನಿರಂಜನನ ಎದೆಯ ಮೇಲಿಟ್ಟಳು.

"ಉಸಿರು ನೋಡು. ಅಳೋದು ಆಮೇಲೆ."